ರೊಟ್ಟಿ ಊಟದ ಪಾರ್ಸಲ್: ಖಾನಾವಳಿಯೊಂದರ ವಿಮರ್ಶೆ

ಕಲಬುರಗಿ ರೈಲು ನಿಲ್ದಾಣದ ಸಮೀಪದ ಖಾನಾವಳಿಯೊಂದರಿಂದ ಎರಡು ತಿಂಗಳಿಂದ ರಾತ್ರಿಯ ಊಟ ಕಟ್ಟಿಸಿಕೊಂಡು ಬರುತ್ತಿದ್ದೇನೆ. ಗಲ್ಲೆಯಲ್ಲಿ ಕುಳಿತವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಇಲ್ಲೇ ಉಣ್ತೀರೇನ್ರಿ, ಪಾರ್ಸಲ್ ಏನ್ರಿ?’

ಪಾರ್ಸಲ್ ಇಂಗ್ಲಿಷ್ ಪದವೇ ಆದರೂ ಇಂಗ್ಲೆಂಡಿನ ಹೋಟೆಲುಗಳಲ್ಲಿ ಈ ಅರ್ಥದಲ್ಲಿ ನಡೆಯುವುದಿಲ್ಲ. ಒಯ್ಯುವ ಊಟಕ್ಕೆ ಅಲ್ಲಿ ಟೇಕ್‌ಅವೇ ಎನ್ನುತ್ತಾರೆ, ಪಾರ್ಸಲ್ ಎಂದರೆ ಅಂಚೆಯಲ್ಲಿ ಬರುವ ಕಟ್ಟು. ನಮ್ಮಲ್ಲಿಯೂ ರೈಲ್ವೆಯ ಪಾರ್ಸಲ್ ಕಚೇರಿಯಲ್ಲಿ ಆ ಹಳೆಯ ಅರ್ಥವೇ ಉಳಿದಿದೆ. ಪದದ ಬೇರು ಮಾತ್ರ ಇನ್ನೂ ಹಿಂದಿನದು: ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಇದು ಲ್ಯಾಟಿನ್ನಿನಲ್ಲಿ ‘ಚಿಕ್ಕ ಪಾಲು’ ಎಂಬುದನ್ನು ಸೂಚಿಸುತ್ತಿತ್ತು. ಇಂಗ್ಲಿಷರು ಜಮೀನಿನ ತುಂಡಿಗೂ ಪಾರ್ಸಲ್ ಎನ್ನುವುದು ಅದರಿಂದಲೇ. ಸರ್ವೆ ನಂಬರಿನ ಪೋಡಿ ಮಾಡಿಸಿ ಜಮೀನನ್ನು ಪಾಲು ಮಾಡಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ದೂರೆಂದರೆ ಈ ಖಾನಾವಳಿಯವರು ಲ್ಯಾಟಿನ್ ಅರ್ಥವನ್ನೇ ಗಟ್ಟಿಯಾಗಿ ಹಿಡಿದಿದ್ದಾರೆ. ಕುಳಿತು ಉಂಡರೆ ಎಣ್ಣೆಗಾಯಿಯನ್ನೂ ಪುಂಡಿಪಲ್ಯವನ್ನೂ ಕೇಳುವ ಮೊದಲೇ ಎರಡನೆಯ ಸಲ ಬಡಿಸುತ್ತಾರೆ. ಅದೇ ಬೆಲೆಯ ಪಾರ್ಸಲಿನಲ್ಲಿ ಪಲ್ಯವು ಚೀಲದ ಮೂಲೆಯಲ್ಲಿ ಗೋಲಿಯಂತೆ ಕುಳಿತಿರುತ್ತದೆ. ಬಿಸಿ ರೊಟ್ಟಿಯನ್ನು ಪತ್ರಿಕೆಯಲ್ಲಿ ಸುತ್ತಿ ಪ್ಲಾಸ್ಟಿಕ್ಕಿಗೆ ಹಾಕುವುದರಿಂದ ಮನೆ ಮುಟ್ಟುವಷ್ಟರಲ್ಲಿ ಅದು ತನ್ನ ಹಬೆಗೆ ತಾನೇ ತೊಯ್ದು, ಅಂಚು ಮೆತ್ತಗಾಗಿ, ಹೊರಮೈಗೆ ಮಸಿ ಹತ್ತಿಸಿಕೊಂಡಿರುತ್ತದೆ. ಆಹಾರ ಸುತ್ತಲು ಪತ್ರಿಕೆ ಬಳಸುವುದನ್ನು 2018ರ ಆಹಾರ ಸುರಕ್ಷತಾ ಪ್ಯಾಕೇಜಿಂಗ್ ನಿಯಮಗಳೇ ನಿಷೇಧಿಸಿವೆ. ಪಾರ್ಸಲ್ ಬೇಕೆನ್ನುವವರು ಖಡಕ್ ರೊಟ್ಟಿಯನ್ನೇ ಕೇಳುವುದು ಲೇಸು.

ಇಷ್ಟಾದರೂ ನಾನು ಅಲ್ಲಿಗೇ ಹೋಗುತ್ತಿರುವುದು ಬೇಳೆಯ ರುಚಿಗಾಗಿ. ನಮ್ಮ ನೆಲದ ತೊಗರಿಗೆ ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಏಕೆ ದೊರೆಯಿತೆಂಬುದು ಬೆಳ್ಳುಳ್ಳಿ ಒಗ್ಗರಣೆಯ ಆ ಬೇಳೆಯನ್ನು ಒಂದು ತುತ್ತು ಉಂಡರೆ ತಿಳಿಯುತ್ತದೆ. ಶೇಂಗಾ ಹಿಂಡಿಯೂ ಹದವಾಗಿದೆ.

ಕಳೆದ ವಾರ ಮನೆಯಿಂದಲೇ ಸ್ಟೀಲ್ ಡಬ್ಬಿ ಒಯ್ದೆ. ಅಡುಗೆಯವರು ಡಬ್ಬಿಯ ಕಂಠದವರೆಗೆ ಬೇಳೆ ತುಂಬಿದರು, ಪಲ್ಯವನ್ನೂ ಧಾರಾಳವಾಗಿ ಹಾಕಿದರು. ಬಿಲ್ಲಿನಲ್ಲಿ ಮಾತ್ರ ಎಂದಿನಂತೆ ಐದು ರೂಪಾಯಿ ಪಾರ್ಸಲ್ ಶುಲ್ಕವಿತ್ತು. ಡಬ್ಬಿ ನನ್ನದಲ್ಲವೇ ಎಂದು ಕೇಳಿದ್ದಕ್ಕೆ ಗಲ್ಲೆಯವರು ಚಿಲ್ಲರೆ ಎಣಿಸುತ್ತಲೇ ಹೇಳಿದರು: ‘ಡಬ್ಬಿ ನಿಮ್ದೇ ಖರೇರಿ, ಪಾರ್ಸಲ್ ನಮ್ದಲ್ಲೇನ್ರಿ?’