ವಿಡಿಯೊಕೋರ್ 4 ಕೈಪಿಡಿ: ಬಿಟ್ ಲೆಕ್ಕ ಪಕ್ಕಾ, ನಿಯಮಗಳು ಚೆಲ್ಲಾಪಿಲ್ಲಿ

ರಾಸ್ಪ್‌ಬೆರಿ ಪೈ 1, 2, 3 ಮತ್ತು ಝೀರೋ ಬೋರ್ಡುಗಳ ಗ್ರಾಫಿಕ್ಸ್ ಭಾಗವೇ ವಿಡಿಯೊಕೋರ್ 4. ಅದರ ಕೈಪಿಡಿಯನ್ನು ಬ್ರಾಡ್‌ಕಾಮ್ 2014ರ ಫೆಬ್ರವರಿ ಕೊನೆಯಲ್ಲಿ ಪುಕ್ಕಟೆ ಪಿಡಿಎಫ್ ಆಗಿ ಹೊರಬಿಟ್ಟಿತು. ನೂರು ಚಿಲ್ಲರೆ ಪುಟ. ಅದರೊಳಗಿನ ಕ್ಯುಪಿಯು ಎಂಬ ಸಮಾಂತರ ಪ್ರೊಸೆಸರ್‌ಗೆ ಅಸೆಂಬ್ಲಿ (ಯಂತ್ರದ ಆದೇಶಗಳನ್ನು ಒಂದೊಂದಾಗಿ ಬರೆಯುವ ಭಾಷೆ) ಬರೆಯುವವರಿಗೆ ಈ ಪುಸ್ತಕ ಎಷ್ಟು ಒದಗುತ್ತದೆ ಎಂಬುದಷ್ಟೇ ಇಲ್ಲಿನ ಮಾತು.

ಮೊದಲು ಮೆಚ್ಚುಗೆ. ಪ್ರತಿ ಇನ್‌ಸ್ಟ್ರಕ್ಷನ್, ಅಂದರೆ ಪ್ರೊಸೆಸರಿಗೆ ಕೊಡುವ ಒಂದು ಆದೇಶ, 64 ಬಿಟ್. ಮೇಲಿನ 32ರಲ್ಲಿ ಸಿಗ್ನಲ್‌ಗೆ 4, ಬೆಲೆ ಬಿಚ್ಚುವ ಅನ್‌ಪ್ಯಾಕ್‌ಗೆ 3, ಪ್ಯಾಕ್ ಬಗೆ ಆರಿಸುವ ಪಿಎಂಗೆ 1, ಬೆಲೆ ಮಡಚುವ ಪ್ಯಾಕ್‌ಗೆ 4, ಎರಡು ಷರತ್ತುಗಳಿಗೆ ತಲಾ 3, ಫಲಿತಾಂಶದ ಗುರುತಾದ ಫ್ಲ್ಯಾಗ್ ಬರೆಯಲು 1, ರಿಜಿಸ್ಟರ್ ಫೈಲ್ ಅದಲುಬದಲಿಗೆ 1, ಬರೆಯುವ ಎರಡು ವಿಳಾಸಗಳಿಗೆ ತಲಾ 6. ಕೆಳಗಿನ 32ರಲ್ಲಿ ಗುಣಾಕಾರದ ಆಪ್‌ಕೋಡ್ (ಯಾವ ಕೆಲಸ ಎಂದು ಹೇಳುವ ಸಂಕೇತ) 3, ಕೂಡುವುದರದ್ದು 5, ಓದುವ ವಿಳಾಸಗಳು ತಲಾ 6, ನಾಲ್ಕು ಆಯ್ಕೆಗಳು ತಲಾ 3. ಒಂದು ಬಿಟ್ಟೂ ಲೆಕ್ಕಕ್ಕೆ ಸಿಗದೆ ಉಳಿಯುವುದಿಲ್ಲ. ಜೊತೆಗೆ ಅಸೆಂಬ್ಲರ್ (ಅಸೆಂಬ್ಲಿಯನ್ನು ಬಿಟ್‌ಗಳಾಗಿಸುವ ಸಾಧನ) ಕೊಟ್ಟಿಲ್ಲದಿದ್ದರೂ ಹೊರಗಿನವರು ಹಲವು ಅಸೆಂಬ್ಲರ್‌ಗಳನ್ನು ಕಟ್ಟಿಕೊಂಡದ್ದು ಈ ಕೋಷ್ಟಕದ ಬಲದಿಂದ.

ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಕೂಡುವ ಕೆಲಸ, ಗುಣಿಸುವ ಕೆಲಸ ಎರಡೂ ನಡೆಯುತ್ತವೆ. ಬೆಲೆ ಹಿಡಿದಿಡುವ ಪುಟ್ಟ ಜಾಗಗಳಾದ ರಿಜಿಸ್ಟರುಗಳು ಎ, ಬಿ ಎಂಬ ಎರಡು ಫೈಲುಗಳಲ್ಲಿ (ಗುಂಪುಗಳಲ್ಲಿ) ಇವೆ. ಆದರೆ ಎ ಫೈಲಿನಿಂದ ಒಂದು, ಬಿ ಫೈಲಿನಿಂದ ಒಂದು ರಿಜಿಸ್ಟರ್ ಮಾತ್ರ ಓದಬಹುದು. ಹಾಗಾಗಿ ಎ ಫೈಲಿನವೇ ಆದ ಆರ್‌ಎ1 ಮತ್ತು ಆರ್‌ಎ2 ಎರಡನ್ನೂ ನೇರವಾಗಿ ಕೂಡಲಾಗದು; ಒಂದನ್ನು ಬಿ ಕಡೆಗೋ ಆರ್0ರಂಥ ಅಕ್ಯುಮ್ಯುಲೇಟರಿಗೋ (ಫೈಲುಗಳ ಹೊರಗಿನ ರಿಜಿಸ್ಟರಿಗೋ) ಸಾಗಿಸಲೇಬೇಕು. ಕೈಪಿಡಿಯ ಚಿತ್ರ ನೋಡಿದ ತಕ್ಷಣ ಇದು ತಲೆಗೆ ಹೋಗುತ್ತದೆ.

ತಕರಾರು ಇರುವುದು ಅಕ್ಕಪಕ್ಕದ ನಿಯಮಗಳಲ್ಲಿ. ಇಂಥ ಪ್ರೊಸೆಸರಿನಲ್ಲಿ ಇನ್‌ಸ್ಟ್ರಕ್ಷನ್ ಏನು ಮಾಡುತ್ತದೆ ಅನ್ನುವುದಕ್ಕಿಂತ ಯಾವುದರ ಬೆನ್ನಿಗೆ ಯಾವುದು ಬರಕೂಡದು ಅನ್ನುವುದೇ ದೊಡ್ಡದು. ಎ ಅಥವಾ ಬಿ ಫೈಲಿಗೆ ಬರೆದದ್ದನ್ನು ಮರು ಇನ್‌ಸ್ಟ್ರಕ್ಷನ್‌ನಲ್ಲೇ ಓದುವಂತಿಲ್ಲ. ಸಂಖ್ಯೆಯ ವಿಲೋಮ (1/x), ವರ್ಗಮೂಲದ ವಿಲೋಮ ಇವನ್ನು ಕೇಳಿದ ಮೇಲೆ ಉತ್ತರ ಆರ್4ಕ್ಕೆ ಬರುತ್ತದೆ, ಮಧ್ಯೆ ಎರಡು ಇನ್‌ಸ್ಟ್ರಕ್ಷನ್ ಬಿಡಬೇಕು. ಬ್ರಾಂಚ್ (ಪ್ರೋಗ್ರಾಮಿನ ಬೇರೆ ಜಾಗಕ್ಕೆ ಜಿಗಿತ) ಆದ ಮೇಲಿನ ಮೂರು ಇನ್‌ಸ್ಟ್ರಕ್ಷನ್‌ಗಳು ಹೇಗಿದ್ದರೂ ನಡೆದೇ ತೀರುತ್ತವೆ. ಆರ್5ಕ್ಕೆ ಬರೆದ ಬೆನ್ನಿಗೇ ಅದರ ಬೆಲೆಯಷ್ಟು ವೆಕ್ಟರನ್ನು, ಅಂದರೆ 16 ಅಂಶಗಳ ಸಾಲನ್ನು, ತಿರುಗಿಸಕೂಡದು. ಇವೆಲ್ಲ ಪುಸ್ತಕದಲ್ಲಿವೆ, ಆದರೆ ಆಪ್‌ಕೋಡ್ ಕೋಷ್ಟಕದ ಸಾಲಿನಲ್ಲಿ ಇಲ್ಲ. ಅಲ್ಲಿ ಒಂದೊಂದು ಆಪ್‌ಕೋಡಿಗೆ ಒಂದೊಂದೇ ಸಾಲು.

ವೆಕ್ಟರ್ ತಿರುಗಿಸುವಿಕೆಯ ಮಿತಿಗೆ ಮೂಲ ಕಾರಣ ಗೊತ್ತಿದ್ದರೆ ಅನುಕೂಲ. ಕ್ಯುಪಿಯು 16 ಅಂಶಗಳದ್ದು ಅಂತ ತೋರಿದರೂ ನಿಜಕ್ಕೆ ಇರುವುದು 4 ಲೇನ್ (ಒಟ್ಟಿಗೆ ಲೆಕ್ಕ ಮಾಡುವ ಸಾಲು). ನಾಲ್ಕು ಸೈಕಲ್‌ಗಳಲ್ಲಿ 16 ಮುಗಿಯುತ್ತವೆ. ಆರ್0ದಿಂದ ಆರ್3ರ ತನಕದ ಅಕ್ಯುಮ್ಯುಲೇಟರುಗಳಿಂದ ತೆಗೆದರೆ ಮಾತ್ರ 16 ಅಂಶಗಳ ಪೂರ್ತಿ ಸುತ್ತು. ಬೇರೆ ಕಡೆಯಿಂದ ತೆಗೆದರೆ ನಾಲ್ಕರ ಗುಂಪಿನೊಳಗೇ ಸುತ್ತುತ್ತದೆ, ದೂರು ಹೇಳುವವರಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಡವುವುದು ವಿಪಿಎಂ ಎಂಬ, ಎಲ್ಲ ಕ್ಯುಪಿಯುಗಳು ಹಂಚಿಕೊಳ್ಳುವ ಮೆಮೊರಿಯಲ್ಲಿ. ಓದುವ ಸೆಟಪ್ (ಎಲ್ಲಿಂದ ಹೇಗೆ ಓದಬೇಕೆಂಬ ಸೂಚನೆ) ಬರೆದ ಮೇಲೆ ಕನಿಷ್ಠ ಮೂರು ಇನ್‌ಸ್ಟ್ರಕ್ಷನ್ ಅಂತರ ಬೇಕು. ಅವಸರಪಟ್ಟು ಓದಿದರೆ ಪ್ರೊಸೆಸರ್ ಕಾಯುವುದಿಲ್ಲ, ಕಸವನ್ನು ಕೈಗಿಡುತ್ತದೆ. ಈ ಎಚ್ಚರಿಕೆ ಇನ್‌ಸ್ಟ್ರಕ್ಷನ್ ಅಧ್ಯಾಯದಲ್ಲಿ ಇರಬೇಕಿತ್ತು. ಇರುವುದು ವಿಪಿಎಂ ಅಧ್ಯಾಯದಲ್ಲಿ. ಇನ್ನೊಂದು: ಒಂದೇ ಕ್ಯುಪಿಯುನಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಮ್ ಚಿಪ್ಪಿನ ಎಲ್ಲ 12ರಲ್ಲೂ ಓಡುತ್ತದೆಂಬ ಭರವಸೆ ಬೇಡ. ಎಲ್ಲವೂ ವಿಪಿಎಂನ ಒಂದೇ ಸಾಲಿಗೆ ಬರೆದರೆ ಒಂದರ ಫಲಿತಾಂಶವನ್ನು ಮತ್ತೊಂದು ಅಳಿಸುತ್ತದೆ. ಪ್ರತಿ ಕ್ಯುಪಿಯುಗೂ ಬೇರೆ ಸಾಲು ಕೊಡಿ, ಇಲ್ಲವೇ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರಿಗೇ ಬಿಡುವ ಬೀಗ) ಹಿಡಿಯಿರಿ.

ಸಣ್ಣ ಗುಂಡಿಗಳೂ ಇವೆ. ಪೂರ್ಣಾಂಕ ಗುಣಾಕಾರ 24 ಬಿಟ್ಟಿನದು, 32 ಬಿಟ್ ವಿಳಾಸವನ್ನು ಅದಕ್ಕೆ ಕೊಟ್ಟರೆ ಮೇಲಿನ 8 ಬಿಟ್ ಮಾಯ. ಫ್ಲ್ಯಾಗ್ ಸಾಮಾನ್ಯವಾಗಿ ಕೂಡುವ ಕಡೆಯಿಂದ ಬರುತ್ತದೆ. ಆ ಕಡೆ ಖಾಲಿ ಇದ್ದರೆ ಮಾತ್ರ ಗುಣಾಕಾರದ ಕಡೆಯಿಂದ. ಇದನ್ನು ಮರೆತು ಖಾಲಿ ಜಾಗಕ್ಕೆ ಒಂದು ಕೂಡುವಿಕೆ ತುರುಕಿದರೆ ಅದುವರೆಗೂ ಸರಿಯಿದ್ದ ಷರತ್ತು ಕೆಡುತ್ತದೆ.

ಲಿನಕ್ಸ್‌ನಿಂದ ಕ್ಯುಪಿಯುವನ್ನು ಎಬ್ಬಿಸಿ ಪ್ರೋಗ್ರಾಮ್ ಓಡಿಸಲು ಫರ್ಮ್‌ವೇರ್ ಮೇಲ್‌ಬಾಕ್ಸ್ (ಬೋರ್ಡಿನ ಒಳ ತಂತ್ರಾಂಶಕ್ಕೆ ಕೋರಿಕೆ ಕಳಿಸುವ ದಾರಿ) ಬಳಸುವ ಬಗೆ ಇದರಲ್ಲಿ ಸಿಗುವುದಿಲ್ಲ, ಅದನ್ನು ಬೇರೆಡೆ ಹುಡುಕಬೇಕು. ಪೈ 4 ಇದ್ದವರಿಗೆ ಈ ಪುಸ್ತಕ ಬೇಡ: ಅದರಲ್ಲಿರುವುದು ವಿಡಿಯೊಕೋರ್ 6, ಎನ್‌ಕೋಡಿಂಗೇ ಬೇರೆ. ಪೈ 1, 2, 3, ಝೀರೋ ಇರುವವರು ನಿರ್ಬಂಧಗಳ ಪುಟವನ್ನೂ ವಿಪಿಎಂ ಓದುವ ಪುಟವನ್ನೂ ಮುದ್ರಿಸಿ ಆಪ್‌ಕೋಡ್ ಕೋಷ್ಟಕದ ಪಕ್ಕ ಅಂಟಿಸಿಕೊಳ್ಳಿ.