ಮೂರು ಮಳೆಗಾಲ ಕಂಡ ನನ್ನ 650 ರೂಪಾಯಿ ಮಲ್ಟಿಮೀಟರ್

ವೋಲ್ಟೇಜ್, ಕರೆಂಟ್ ಅಳೆಯುವ ಈ ಮೀಟರನ್ನು ಕೊಂಡದ್ದು ಸಿಟ್ಟಿನಲ್ಲಿ. ಕಾರವಾರದಿಂದ ಹೆಂಡತಿಯ ತವರು ಶಿರಸಿಗೆ ಹೊರಟಿದ್ದೆವು. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಜಡಿಮಳೆ, ವೈಪರ್, ಹೆಡ್‌ಲೈಟ್, ಗಾಜಿಗೆ ಹಬೆ ಕೂರದಂತೆ ಎಸಿ, ಎಲ್ಲಾ ಒಟ್ಟಿಗೆ ಹಾಕಿದ್ದೆ, ಲೈಟು ಮಂಕಾಗುತ್ತಾ ಬಂತು, ಬ್ಯಾಟರಿ ದೀಪ ಮಿಣಮಿಣ ಅನ್ನತೊಡಗಿತು. ಹೇಗೋ ಮುಟ್ಟಿದೆವು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್. ಗ್ಯಾರೇಜಿನಲ್ಲಿ ಹೊಸ ಬ್ಯಾಟರಿ ಹಾಕಿದರು. ಹದಿನೈದು ದಿನಕ್ಕೆ ಮತ್ತೆ ಅದೇ ಕತೆ. ಈ ಸಲ ‘ಡೈನಮೋ ಹೋಗಿದೆ’ ಅಂದರು, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್. ಅಳೆದು ನೋಡಿದವರು ಒಬ್ಬರೂ ಇಲ್ಲ!

ಮೀಟರ್ ಬಂತು. ಡಿಸಿ 20 ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಇದ್ದರೆ ಬ್ಯಾಟರಿ ತುಂಬಿದೆ, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಇಂಜಿನ್ ಓಡುವಾಗ ಸುಮಾರು 13.8ರಿಂದ 14.5 ಬರಬೇಕು. (ಚಾರ್ಜಿಂಗನ್ನು ಕಂಪ್ಯೂಟರೇ ನೋಡಿಕೊಳ್ಳುವ ಹೊಸ ಕಾರುಗಳಲ್ಲಿ ಈ ಲೆಕ್ಕ ಹೀಗೇ ಇರಲ್ಲ.) ನನ್ನದರಲ್ಲಿ ಲೈಟ್ ಹಾಕಿದರೆ 12.4. ಡೈನಮೋನೇ ಹೋಗಿರಬೇಕು ಅಂತ ನನಗೂ ಅನಿಸಿತು. ಆದರೆ ಡೈನಮೋದ ದಪ್ಪ ವೈರ್ ಕೂರುವ ಬೋಲ್ಟಿಗೂ ಅದರ ಮೈಗೂ ಹಿಡಿದರೆ 14.3! ಪಾಪ, ಅದು ದುಡಿಯುತ್ತಲೇ ಇದೆ, ದುಡಿದದ್ದು ಬ್ಯಾಟರಿಗೆ ಮುಟ್ಟುತ್ತಿಲ್ಲ, ಅಷ್ಟೇ.

ಆಮೇಲೆ ಲೈಟ್ ಉರಿಯುತ್ತಿರುವಾಗಲೇ ಒಂದು ಪಿನ್ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಡೈನಮೋ ಮೈಗೆ. ಇಲ್ಲಿ 0.2 ದಾಟಿದರೆ ಅನುಮಾನ ಪಡಬೇಕು. ನನಗೆ ಬಂದದ್ದು 1.7. ಇಂಜಿನ್ನಿಂದ ಕಾರಿನ ಮೈಗೆ ಹೋಗುವ, ಕರೆಂಟ್ ವಾಪಸ್ ಬರುವ ಅರ್ಥ್ ಪಟ್ಟಿ ಬಿಚ್ಚಿದರೆ ಬೋಲ್ಟಿನಡಿ ಹಸಿರು ಕಿಲುಬು, ಪಟ್ಟಿಯ ಎಳೆಗಳು ಕೈಯಲ್ಲೇ ಪುಡಿ. ನಮ್ಮ ಕಡಲ ಗಾಳಿ ಕಿಟಕಿ ಸರಳನ್ನೇ ಬಿಡಲ್ಲ, ಇದನ್ನು ಬಿಡುತ್ತಾ? ಸೆಲ್ಫಿನ ಕರೆಂಟೂ ಅದೇ ದಾರಿಯಲ್ಲಿ ವಾಪಸ್ ಬರಬೇಕು, ಹಾಗಾಗಿ ಆ ಟಕ್ ಟಕ್. ಹೊಸ ಪಟ್ಟಿ, ಸ್ಯಾಂಡ್ ಪೇಪರಿನಲ್ಲಿ ಒಂದು ಉಜ್ಜು, ಮೇಲೆ ವ್ಯಾಸಲೀನ್. ಬ್ಯಾಟರಿಯಲ್ಲಿ 14.2. ಡೈನಮೋ ಇವತ್ತಿಗೂ ಹಳೆಯದೇ.

ಒಂದು ಮಾತು: ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು ಡೈನಮೋ ನೋಡುವ ಹಳೇ ಉಸ್ತಾದರ ಪದ್ಧತಿ ಬೇಡ. ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು (ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಸುಡಬಹುದು.

ಮೀಟರಿನ ದೂರುಗಳೂ ಇವೆ. ವೈರ್ ತೀರಾ ತೆಳು, ಎರಡನೇ ವರ್ಷ ಪಿನ್ನಿನ ಬುಡದಲ್ಲೇ ತುಂಡಾಯ್ತು. ಕರೆಂಟ್ ಅಳೆಯುವ 10 ಆಂಪಿಯರ್ ತೂತಿಗೆ ಫ್ಯೂಸೇ ಇಲ್ಲ, ಕೆಂಪು ವೈರನ್ನು ಅಲ್ಲೇ ಮರೆತು ಬ್ಯಾಟರಿಗೆ ಮುಟ್ಟಿಸಿದ್ದೇ ಕಿಡಿ ಹಾರಿ ಪಿನ್ ತುದಿ ಕರಗಿತು. ತಪ್ಪು ನನ್ನದೇ, ಆದ್ರೂ ಒಂದು ಫ್ಯೂಸ್ ಹಾಕಬಹುದಿತ್ತಲ್ವಾ? ಇನ್ನೊಮ್ಮೆ 15.9 ತೋರಿಸಿ ನನ್ನ ಜೀವವೇ ಹೋಯ್ತು, ಡೈನಮೋದ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದಿಯುತ್ತಿದೆ ಅಂದುಕೊಂಡೆ. ನೋಡಿದರೆ ಮೀಟರಿನದೇ 9 ವೋಲ್ಟ್ ಸೆಲ್ ಸಾಯಲು ಬಂದಿತ್ತು, ಆಗ ಈ ಅಗ್ಗದ ಮೀಟರುಗಳು ಜಾಸ್ತಿ ತೋರಿಸುತ್ತವೆ. ಈಗ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಸೆಲ್ ಹೆಚ್ಚಿಗೆ ಇಟ್ಟಿದ್ದೇನೆ.