ಅಪೇಕ್ಷೆ ಎಂದರೆ ಅರ್ಜಿ: ಕಾಸರಗೋಡಿನ ಬಳಕೆಗೆ ಕ್ಯಾಮೆರಾ ಅನುವಾದದ ಆ್ಯಪ್ ಎಷ್ಟು ಆದೀತು?

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವರ ಕಿವಿಗೆ ಮಲಯಾಳಂ ಹೊಸದೇನಲ್ಲ. ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ ಧಾರಾಳ ಮಾತಾಡುತ್ತಾರೆ. ಲಿಪಿ ಮಾತ್ರ ಬರುವುದಿಲ್ಲ. ವಿಲೇಜ್ ಆಫೀಸಿನ ನೋಟೀಸು ಮನೆಗೆ ಬಂತೆಂದರೆ ಈಗ ಮೊದಲು ಕೈಗೆ ಬರುವುದು ಫೋನು. ಈ ವಿಮರ್ಶೆ ಯಾವುದೇ ಒಂದು ಕಂಪೆನಿಯ ಆ್ಯಪಿನದ್ದಲ್ಲ. ಉಚಿತವಾಗಿ ಸಿಗುವ, ಕಾಗದಕ್ಕೆ ಕ್ಯಾಮೆರಾ ಹಿಡಿದರೆ ಕನ್ನಡದಲ್ಲಿ ತೋರಿಸುವ ಆ್ಯಪ್‌ಗಳು ಕಾಸರಗೋಡಿನ ಕನ್ನಡಿಗರಿಗೆ ಎಲ್ಲಿ ಉಪಕಾರಿ, ಎಲ್ಲಿ ಅಪಾಯ ಎಂಬಷ್ಟೇ ವಿಚಾರ. ಓದಲಿಕ್ಕೆ ಐದರಲ್ಲಿ ಮೂರು ಅಂಕ ಕೊಡಬಹುದು. ಬರೆಯಲಿಕ್ಕೆ ಒಂದು, ಅದೂ ಕನಿಕರಕ್ಕೆ.

ಅಚ್ಚಾದ ಕಾಗದವಾದರೆ ಕೆಲಸ ಚೆನ್ನಾಗಿಯೇ ಆಗುತ್ತದೆ. ಅಚ್ಚ ಮಲಯಾಳಂ ಪದಗಳಲ್ಲಿ ಆ್ಯಪನ್ನು ಹೆಚ್ಚುಕಡಿಮೆ ನಂಬಬಹುದು: ನಿಕುದಿ ಎಂದರೆ ತೆರಿಗೆ, ಪಗರ್ಪ್ ಎಂದರೆ ನಕಲು, ಕುಡಿಶ್ಶಿಕ ಎಂದರೆ ಬಾಕಿ, ಪಿಳ ಎಂದರೆ ದಂಡ. ಕನ್ನಡಿಗರಿಗೆ ಅರ್ಥವಾಗದ್ದು ಇಂಥ ಪದಗಳೇ ಆದ್ದರಿಂದ ಅಷ್ಟರ ಮಟ್ಟಿಗೆ ದೊಡ್ಡ ಉಪಕಾರ.

ಬಳಸುವ ಕ್ರಮ ಹೀಗಿರಲಿ. ಕಾಗದದ ಮಡಿಕೆ ಬಿಡಿಸಿ ಮೇಜಿನ ಮೇಲೆ ಚಪ್ಪಟೆ ಹಾಸಿ; ಮಡಿಕೆಯ ಗೆರೆಯಲ್ಲಿ ಸಿಕ್ಕಿಬಿದ್ದ ಅಕ್ಷರವೇ ಮೊದಲು ತಪ್ಪುವುದು. ಕ್ಯಾಮೆರಾವನ್ನು ಹಾಗೇ ಹಿಡಿದುಕೊಂಡು ಓದಬೇಡಿ, ಕೈ ಅಲುಗಿದಾಗಲೆಲ್ಲ ಅನುವಾದವೂ ಬದಲಾಗುತ್ತದೆ. ಫೋಟೊ ತೆಗೆದು, ಒಂದು ಪ್ಯಾರಾದಷ್ಟು ಮಾತ್ರ ಕತ್ತರಿಸಿ ಕೊಡಿ. ಮೂಲ ಭಾಷೆ ಮಲಯಾಳಂ ಎಂದು ನೀವೇ ಆರಿಸಿ. ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಇದ್ದರೆ ಫೋಟೊ ತೆಗೆಯುವ ಮೊದಲೇ ಮೇಲೊಂದು ಕಾಗದದ ಚೂರು ಇಡಿ. ಕನ್ನಡ ಅನುವಾದ ನೋಡಿದ ಮೇಲೆ ಇಂಗ್ಲಿಷಿನದ್ದನ್ನೂ ಒಮ್ಮೆ ನೋಡಿ. ಎರಡೂ ಬೇರೆ ಬೇರೆ ಹೇಳಿದರೆ ಆ ವಾಕ್ಯವನ್ನು ಲಿಪಿ ಬಲ್ಲವರಿಂದ ಓದಿಸಲೇಬೇಕು. ತಾರೀಕು, ಮೊತ್ತ, ಸರ್ವೆ ನಂಬರ್ ಮಾತ್ರ ಮೂಲ ಕಾಗದದಿಂದಲೇ ಓದಿ.

ಕೈಬರಹಕ್ಕೆ ಈ ಆ್ಯಪ್‌ಗಳು ಆಗಿಬರುವುದಿಲ್ಲ. ಸೀಲಿನ ಅಡಿಯಲ್ಲಿ ಸಿಕ್ಕಿದ ಸಾಲಿಗೂ ಇಲ್ಲ. 1971ರ ಲಿಪಿ ಸುಧಾರಣೆಗೆ ಮೊದಲಿನ ಮಲಯಾಳಂ ಅಚ್ಚಿನಲ್ಲಿ ಸಂಯುಕ್ತಾಕ್ಷರಗಳು ಗಂಟುಗಂಟಾಗಿರುವುದರಿಂದ ಅಲ್ಲೂ ಎಡವುತ್ತವೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಹಳೇ ಮನೆಗಳ ಪೆಟ್ಟಿಗೆಯಲ್ಲಿ ಕನ್ನಡ ಕೈಬರಹದ ದಸ್ತಾವೇಜುಗಳೂ ಇರುತ್ತವೆ. ಅವನ್ನು ಮಲಯಾಳಂ ಮಾತ್ರ ಬಲ್ಲ ಗುಮಾಸ್ತರಿಗೆ ಆ್ಯಪಿನಲ್ಲಿ ತೋರಿಸಹೋಗಬೇಡಿ. ಹಳೇ ಮೋಡಿ ಅಕ್ಷರ (ಕೂಡಿಸಿ ಬರೆದ ಕೈಬರಹ) ಓದಬಲ್ಲ ದಸ್ತಾವೇಜು ಬರಹಗಾರರೇ ಬೇಕು.

ನಿಜವಾದ ತೊಂದರೆ ಸಂಸ್ಕೃತ ಪದಗಳದ್ದು. ಎರಡೂ ಭಾಷೆ ಒಂದೇ ಅಂಗಡಿಯಿಂದ ತಂದ ಸಾಮಾನು. ಒಬ್ಬರು ಸಾರಿಗೆ ಹಾಕಿದ್ದಾರೆ, ಇನ್ನೊಬ್ಬರು ಪಾಯಸಕ್ಕೆ. ಮಲಯಾಳಂನ ಅಪೇಕ್ಷ ಅರ್ಜಿ. ಅವಧಿ ರಜೆ. ಯೋಗಂ ಸಭೆ. ಪ್ರಸಂಗಂ ಭಾಷಣ, ಯಕ್ಷಗಾನದ ಪ್ರಸಂಗ ನಿರೀಕ್ಷಿಸಿ ಹೋದವರು ರಾಜಕೀಯ ಭಾಷಣ ಕೇಳಿ ಬರಬೇಕಾದೀತು. ಸಂಸಾರಂ ಬರೀ ಮಾತುಕತೆ. ಅನುವಾದಂ ಎಂದರೆ ಅನುಮತಿ, ನಮ್ಮ ಅನುವಾದಕ್ಕೆ ಅವರು ಪರಿಭಾಷ ಎನ್ನುತ್ತಾರೆ. ಪೂರ್ತಿ ವಾಕ್ಯ ಕೊಟ್ಟರೆ ಆ್ಯಪ್ ಇವನ್ನು ಬಹುಮಟ್ಟಿಗೆ ಸರಿಯಾಗಿ ಹಿಡಿಯುತ್ತದೆ. ಬೋರ್ಡಿನ ಮೇಲಿನ ಒಂಟಿ ಪದ ಕೊಟ್ಟರೆ ಹಿಡಿಯುವ ಖಾತ್ರಿಯಿಲ್ಲ. ಇಂಥ ವ್ಯವಸ್ಥೆಗಳು ಹೆಚ್ಚಾಗಿ ಕಲಿತದ್ದು ಇಂಗ್ಲಿಷನ್ನು ನಡುವೆ ಇಟ್ಟುಕೊಂಡು; ಕನ್ನಡ–ಮಲಯಾಳಂ ಜೋಡಿ ಬರಹ ಅವುಗಳಿಗೆ ಸಿಕ್ಕಿದ್ದು ಕಡಿಮೆ. ಕೋಳಿಕ್ಕೋಡು ಕನ್ನಡದಲ್ಲಿ ‘ಕೋಝಿಕೋಡ್’ ಆಗಿ ಬರುವುದೂ ಇದೇ ಬಳಸುದಾರಿಯಿಂದ. ಹಳಗನ್ನಡದಲ್ಲಿ ನಮ್ಮದೂ ಆಗಿದ್ದ ೞಕಾರ ಇಂಗ್ಲಿಷಿಗೆ ಹೋಗಿ ಝಕಾರವಾಗಿ ಮನೆಗೆ ಮರಳುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಓಡಾಟ ಮಾಡಿಸುವ ಪದ ‘ಆಧಾರಂ’. ಮಲಯಾಳಂನಲ್ಲಿ ಅದು ರಿಜಿಸ್ಟ್ರಿಯಾದ ಆಸ್ತಿ ಪತ್ರ. ನೋಟೀಸಿನಲ್ಲಿ ‘ಆಧಾರತ್ತಿಂಡೆ ಪಗರ್ಪ್’ ಎಂದಿದ್ದರೆ ಕೇಳಿದ್ದು ಆಸ್ತಿ ಪತ್ರದ ನಕಲನ್ನು, ಆಧಾರ್ ಕಾರ್ಡಿನದ್ದನ್ನಲ್ಲ. ‘ಆಧಾರಂ ಎಳುತ್ತ್’ ಎಂಬ ಬೋರ್ಡಿನ ಅಂಗಡಿಯಲ್ಲಿ ಆಧಾರ್‌ನ ಬೆರಳಚ್ಚು ಅಪ್‌ಡೇಟ್ ಆಗುವುದಿಲ್ಲ, ಅದು ದಸ್ತಾವೇಜು ಬರಹಗಾರರ ಅಂಗಡಿ.

ಇನ್ನೊಂದು ಜೋಡಿಯನ್ನು ಕಣ್ಣು ಹತ್ತಿರ ಹಿಡಿದೇ ನೋಡಬೇಕು. ‘ಹಾಜರಾಕಣಂ’ ಎಂದು ಬರೆದು ‘ಹಾಜರಾಗಣಂ’ ಎಂದು ಓದುತ್ತಾರೆ. ನೀವೇ ಬರಬೇಕು ಎಂದರ್ಥ. ‘ಹಾಜರಾಕ್ಕಣಂ’ ಎಂದರೆ ಕಾಗದಪತ್ರ ಹಾಜರುಪಡಿಸಬೇಕು. ಲಿಪಿಯಲ್ಲಿ ವ್ಯತ್ಯಾಸ ಒಂದು ಕಕಾರದ ಒತ್ತು ಮಾತ್ರ. ಮಸುಕಾದ ಪ್ರಿಂಟಿನಲ್ಲಿ ಒತ್ತು ಕಾಣದಿದ್ದರೆ ಆ್ಯಪ್ ಒಂದನ್ನು ಇನ್ನೊಂದಾಗಿ ಓದೀತು, ಮಗನ ಕೈಯಲ್ಲಿ ಕಾಗದ ಕಳಿಸಿದರೆ ಸಾಕಾಗುತ್ತಿದ್ದಲ್ಲಿ ಮುದುಕರು ಬಸ್ಸು ಹತ್ತಬೇಕಾದೀತು. ಆ ಪದವನ್ನು ದೊಡ್ಡದು ಮಾಡಿ ನೋಡಿ: ಕಕಾರ ಒಂಟಿಯೋ ಜೋಡಿಯೋ ಎಂಬುದು ಲಿಪಿ ಬಾರದವರಿಗೂ ಎರಡನ್ನೂ ಪಕ್ಕದಲ್ಲಿಟ್ಟರೆ ಕಾಣುತ್ತದೆ.

ಸಂಬಂಧವಾಚಕಗಳಲ್ಲಿ ಆಗುವ ನಷ್ಟ ಬೇರೆ ತರದ್ದು, ನೋಡಿದರೆ ಬೇಜಾರಾಗುತ್ತದೆ. ಮಲಯಾಳಂನ ಮರುಮಗನ್ ಮಗಳ ಗಂಡನೂ ಹೌದು, ಸೋದರಿಯ ಮಗನೂ ಹೌದು. ಕನ್ನಡದ ಅಳಿಯನೂ ಥೇಟು ಹಾಗೆಯೇ. ಅಂದರೆ ನೇರ ದಾಟಿದರೆ ಒಂದು ಕೂದಲೂ ಕೊಂಕುವುದಿಲ್ಲ. ಇಂಗ್ಲಿಷಿನ ಮೂಲಕ ಹೋದಾಗ ಯಂತ್ರ ಎರಡರಲ್ಲಿ ಒಂದನ್ನು ಆರಿಸಲೇಬೇಕು. ತುಳುವರ ಅಳಿಯಸಂತಾನ, ಮಲಯಾಳಿಗಳ ಮರುಮಕ್ಕತ್ತಾಯಂ ಎರಡೂ ನಡೆದುಬಂದ ಈ ನೆಲದ ಹಳೇ ಪಾಲುಪಟ್ಟಿಯಲ್ಲಿ ಆಸ್ತಿ ಹೋಗುತ್ತಿದ್ದದ್ದು ಸೋದರಿಯ ಮಕ್ಕಳ ಕಡೆಗೆ. ಕೇರಳ 1975ರ ಕಾಯ್ದೆಯಿಂದ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿದರೂ ಹಳೇ ಪತ್ರಗಳ ಭಾಷೆ ಬದಲಾಗಿಲ್ಲ. ಅಲ್ಲಿ ಅಳಿಯನ ಜಾಗದಲ್ಲಿ ‘ಮಗಳ ಗಂಡ’ ಬಂದು ಕೂತರೆ ವಂಶವೃಕ್ಷವೇ ತಲೆಕೆಳಗು. ಅನಂತರಾವಕಾಶಿ ಎಂದರೆ ವಾರಸುದಾರ ಎಂಬುದನ್ನೂ ನೆನಪಿಡಿ. ನಂತರ ಸಿಗುವ ಅವಕಾಶವಲ್ಲ.

ದೇವಸ್ಥಾನದ ‘ವಳಿಪಾಡ್’ ರಶೀದಿಯನ್ನು ‘ಅರ್ಪಣೆ’ ಎಂದು ತೋರಿಸಿದರೆ ಸೇವೆ ಅಥವಾ ಹರಕೆ ಎಂದು ತಿಳಿದುಕೊಂಡರಾಯಿತು. ಮಸೀದಿಯ ನೇರ್ಚೆಯೂ ಹರಕೆಯೇ. ದೈವಾರಾಧನೆಯ ತೆಯ್ಯಂ, ಕಳಿಯಾಟಗಳನ್ನು ಅನುವಾದಿಸದೆ ಬಿಟ್ಟರೇ ಒಳ್ಳೆಯದು. ಇಲ್ಲಿನವರಿಗೆ ಅವು ಗೊತ್ತು.

ಹೆಸರುಗಳನ್ನು ಮಾತ್ರ ಆ್ಯಪಿಗೆ ಬಿಡಲೇಬಾರದು. ಕನ್ನಡದ ಸುರೇಶ ಮಲಯಾಳಂಗೆ ಹೋದಾಗ ಸುರೇಷ್ ಆಗಬಹುದು, ಸುರೇಶನ್ ಆಗಬಹುದು. ನಾರಾಯಣ ನಾರಾಯಣನ್ ಆಗುತ್ತಾರೆ. ಊರಿನ ಹೆಸರಿಗೂ ಹೀಗೆಯೇ: ಮಂಜೇಶ್ವರ ಅಲ್ಲಿ ಚಕಾರದಲ್ಲಿ ಮಂಚೇಶ್ವರಂ, ಕುಂಬಳೆ ಪಕಾರದಲ್ಲಿ ಕುಂಪಳ. ಊರಿನದ್ದು ಪದ್ಧತಿ, ನಡೆಯುತ್ತದೆ. ವ್ಯಕ್ತಿಯ ಹೆಸರು ಎರಡು ದಾಖಲೆಗಳಲ್ಲಿ ಎರಡು ತರ ಬಿದ್ದರೆ ಇಬ್ಬರೂ ಒಬ್ಬರೇ ಎಂದು ತೋರಿಸಿಕೊಡುತ್ತ ತಿರುಗಬೇಕು. ಆನ್‌ಲೈನ್ ಸರಕಾರಿ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ತುಂಬಿಸುವಾಗ ಹಳೇ ಸರ್ಟಿಫಿಕೇಟಿನ ಕಾಗುಣಿತ ಮುಂದಿಟ್ಟು, ಸಬ್ಮಿಟ್ ಒತ್ತುವ ಮೊದಲು ಪರದೆಯಲ್ಲಿ ಅಕ್ಷರ ಅಕ್ಷರ ಸರಿನೋಡಿ.

ಕನ್ನಡದಲ್ಲಿ ಟೈಪ್ ಮಾಡಿ ಯಂತ್ರದ ಮಲಯಾಳಂನಲ್ಲಿ ಅರ್ಜಿ ಸಲ್ಲಿಸುವವರೂ ಇದ್ದಾರೆ. ಬೇಡ. ವಾಕ್ಯ ವಕ್ರವಾದದ್ದು ಬರೆದವರಿಗೇ ಗೊತ್ತಾಗುವುದಿಲ್ಲ, ಕೆಳಗೆ ‘ಒಪ್ಪ್’ ಹಾಕಿದ ಮೇಲೆ ಅದು ನಿಮ್ಮದೇ ಹೇಳಿಕೆ (ಒಪ್ಪ್ ಎಂದರೆ ಸಹಿ). ಹಾಗೆ ನೋಡಿದರೆ ಅದರ ಅಗತ್ಯವೂ ಇಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯುವ ಅವಕಾಶವಿದೆ. ಈ ಒಂದು ಪದವನ್ನು ದಯವಿಟ್ಟು ಮಲಯಾಳಂನ ಅರ್ಥದಲ್ಲಿ ಓದಿ: ಅವಕಾಶಂ ಎಂದರೆ ಹಕ್ಕು. ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ತಾರೀಕಿನ ಸೀಲು ಹಾಕಿಸಿಕೊಳ್ಳಿ. ಉತ್ತರ ಮಲಯಾಳಂನಲ್ಲೇ ಬಂದರೆ ಕಾಯ್ದೆಯನ್ನು ನೆನಪಿಸಿ ಕನ್ನಡದಲ್ಲೇ ಮತ್ತೊಂದು ಪತ್ರ. ಅದಕ್ಕೆ ಉತ್ತರ ಬರುವ ತನಕ ಕ್ಯಾಮೆರಾ.